ನಾಲ್ಕು ಬರ್ಚ್ ಮರಗಳ ಜಾಗದಲ್ಲಿ

ಮೊನ್ನೆ ಚಳಿಗಾಲದ ಕೋಟನ್ನು ಒಗೆಯಲು ಹಾಕುವ ಮುಂಚೆ ಜೇಬು ತಡಕಿದೆ. ಕೊಂಬಿನಿ ಅಂಗಡಿಯ ರಸೀದಿ, ಒಂಟಿ ಕೈಗವಸು, ಕರಗಿ ಮತ್ತೆ ಗಟ್ಟಿಯಾದ ಒಂದು ಪೆಪ್ಪರ್‌ಮೆಂಟು, ಇವುಗಳ ಜೊತೆಗೆ ನರ್ಸರಿಯವರು ಗಿಡದ ಕೊರಳಿಗೆ ಕಟ್ಟುವ ಹಳದಿ ಪ್ಲಾಸ್ಟಿಕ್ ಚೀಟಿಯೂ ಸಿಕ್ಕಿತು. ಅದರ ಮೇಲಿನ ಜಪಾನಿ ಅಕ್ಷರಗಳು ಅಳಿಸಿಹೋಗಿದ್ದವು. ಅದು ಯಾವ ಗಿಡದ್ದೆಂದು ಯೋಚಿಸುತ್ತ ವಾಷಿಂಗ್ ಮಷೀನಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ, ಹೆಂಡತಿ ಶುಭಾ ಅಡಿಗೆಮನೆಯಿಂದಲೇ ಕೂಗಿದಳು. "ರೀ, ಮಷೀನ್ ಆನ್ ಮಾಡಿದ್ರಾ, ಇಲ್ಲಾ ಅದಕ್ಕೆ ಮಂಗಳಾರತಿ ಮಾಡ್ತಿದೀರಾ?"

ಒಂದು ಚೀಟಿ ಹಿಡಿದುಕೊಂಡು ಇಷ್ಟು ಭಾವುಕನಾಗುವ ಮನುಷ್ಯನಿಗೆ ಗಿಡಮರಗಳ ಬಗ್ಗೆ ಭಾರೀ ತಿಳಿದಿರಬೇಕು ಎಂದು ನೀವು ಅಂದುಕೊಂಡರೆ ತಪ್ಪು. ನಾನು ಹುಟ್ಟಿ ಬೆಳೆದದ್ದು ತಿಪಟೂರಿನಲ್ಲಿ. ನಮ್ಮ ಕಡೆ ಮರ ಎಂದರೆ ತೆಂಗು. ಮಿಕ್ಕವೆಲ್ಲ ದಾರಿಯಲ್ಲಿ ಅಡ್ಡ ಬರುವ ಸಾಮಾನುಗಳು. ಮೂರನೇ ಕ್ಲಾಸಿನಲ್ಲಿ ಮೇಡಂ ಒಮ್ಮೆ, "ನಿಮಗೆ ಇಷ್ಟವಾದ ಮರ ಬರೀರಿ" ಎಂದರು. ಇಡೀ ಕ್ಲಾಸು ತಲೆ ಬಗ್ಗಿಸಿಕೊಂಡು ಎರಡು ಗೆರೆ ಎಳೆದು, ಮೇಲೆ ಪೊರಕೆ ಹಚ್ಚಿ, ಮೂರು ಕಾಯಿ ತೂಗುಹಾಕಿತು. ಮೈಸೂರಿನಿಂದ ಹೊಸದಾಗಿ ಬಂದು ಸೇರಿದ್ದ ಹುಡುಗಿಯೊಬ್ಬಳು ಮಾತ್ರ ಕೊಂಬೆ ರೆಂಬೆಗಳಿರುವ ಗುಂಡನೆಯ ಮರ ಬರೆದಿದ್ದಳು. ನಾವೆಲ್ಲ ಅದನ್ನು ಸುತ್ತುವರಿದು ನಕ್ಕೆವು. "ಅಯ್ಯೋ, ಇವಳ ಮರಕ್ಕೆ ಕೈ ಇದೆ ಕಣ್ರೋ!" ಆ ಹುಡುಗಿ ಅತ್ತುಬಿಟ್ಟಳು. ಅವಳು ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ಇದನ್ನು ಓದಿದರೆ ದಯವಿಟ್ಟು ಕ್ಷಮಿಸಲಿ. ಕೈಗಳಿರುವ ಮರಗಳನ್ನು ಹುಡುಕಿಕೊಂಡು ನಾನು ಎಷ್ಟು ದೂರ ಬರಬೇಕಾಯಿತು ಎಂಬುದು ಅವಳಿಗೂ ತಿಳಿಯಲಿ.

ನನ್ನ ಉದ್ಯೋಗ ಕಾರಿನ ಬ್ರೇಕುಗಳನ್ನು ಪರೀಕ್ಷಿಸುವುದು. ಮೊದಲು ಯೋಕೋಹಾಮಾದಲ್ಲಿ ಇದ್ದೆವು. ಮಂಜುಗಡ್ಡೆಯ ಮೇಲೆ ಕಾರು ಹೇಗೆ ಜಾರುತ್ತದೆ, ಹೇಗೆ ನಿಲ್ಲುತ್ತದೆ ಎಂದು ನೋಡಲು ಕಂಪನಿ ನನ್ನನ್ನು ಜಪಾನಿನ ಉತ್ತರದ ತುದಿಗೆ, ಹೊಕ್ಕೈಡೋದ ಒಂದು ಸಣ್ಣ ಊರಿಗೆ ಕಳಿಸಿತು. ಅಲ್ಲಿ ವರ್ಷದಲ್ಲಿ ಐದು ತಿಂಗಳು ನೆಲ ಕಾಣುವುದಿಲ್ಲ. ನಾವು ಕೊಂಡ ಹಳೆಯ ಮನೆಯ ಪಶ್ಚಿಮಕ್ಕೆ ನಾಲ್ಕು ಬರ್ಚ್ ಮರಗಳು ಸಾಲಾಗಿ ನಿಂತಿದ್ದವು. ಬಿಳಿ ತೊಗಟೆ, ಸಣ್ಣ ಎಲೆ, ಎಲ್ಲಕ್ಕೂ ಒಂದೇ ಎತ್ತರ, ಒಂದೇ ನಿಲುವು. ಹಿಂದಿನ ಯಜಮಾನರು ಒಂದೇ ದಿನ ನೆಟ್ಟವಂತೆ. ಅವುಗಳ ಫೋಟೋ ಕಳಿಸಿದಾಗ ಟೋಕಿಯೋ ಪಕ್ಕದ ಗ್ಯೋಟೋಕುವಿನಲ್ಲಿರುವ ಗೆಳೆಯರು ಹೊಟ್ಟೆ ಉರಿದುಕೊಂಡರು. "ಲೋ, ನೀನು ಕ್ಯಾಲೆಂಡರ್ ಒಳಗೆ ವಾಸ ಮಾಡ್ತಿದೀಯಾ?" ಎಂದು ಒಬ್ಬ ಬರೆದ. ನನಗಂತೂ ಆ ನಾಲ್ಕು ಮರಗಳನ್ನು ನಾನೇ ಬೆಳೆಸಿದಷ್ಟು ಹೆಮ್ಮೆ.

ಆ ಹೆಮ್ಮೆ ಇಳಿದದ್ದು ಒಂದು ಅಕ್ಟೋಬರ್ ಬೆಳಿಗ್ಗೆ. ಎಲೆ ಇನ್ನೂ ಉದುರಿರಲಿಲ್ಲ, ಆಗಲೇ ಹಿಮ ಬಿತ್ತು. ಜನವರಿಯ ಹಿಮ ಮೈದಾಹಿಟ್ಟಿನಂತೆ ಹಗುರ. ಆದರೆ ಅಕ್ಟೋಬರಿನದು ನೀರು ಕುಡಿದ ಹಿಮ, ಇಡ್ಲಿ ಹಿಟ್ಟಿನಷ್ಟು ಭಾರ. ಪರದೆ ಸರಿಸಿದರೆ ಪಶ್ಚಿಮದ ಕಿಟಕಿಯ ತುಂಬ ಬರೀ ಆಕಾಶ. ಒಂದು ಬರ್ಚು ಸೊಂಟಕ್ಕೆ ಮುರಿದುಕೊಂಡು ನಮ್ಮ ಅಂಗಳದಲ್ಲೇ ಕೂತಿತ್ತು. ಉಳಿದ ಮೂರು ಒಟ್ಟಿಗೆ ಮಾತಾಡಿಕೊಂಡವರಂತೆ ಪಕ್ಕದ ಮನೆಯ ಕಡೆಗೆ ಮಲಗಿದ್ದವು. ಅವುಗಳ ಕೆಳಗೆ ಕುದೋ-ಸಾನ್ ಅವರ ಪ್ಲಾಸ್ಟಿಕ್ ಹೊದಿಕೆಯ ತರಕಾರಿ ಮನೆ ಅಪ್ಪಚ್ಚಿಯಾಗಿತ್ತು.

ಕುದೋ-ಸಾನ್ ನಮ್ಮ ಪಕ್ಕದ ಮನೆಯ ಒಂಟಿ ಅಜ್ಜಿ. ಎಪ್ಪತ್ತು ದಾಟಿ ಎಷ್ಟೋ ವರ್ಷವಾಗಿದ್ದರೂ ಬೆಳಿಗ್ಗೆ ಆರಕ್ಕೆಲ್ಲ ಹಿಮ ತೋಡುವ ಸಲಿಕೆ ಹಿಡಿದು ನಿಂತಿರುವವರು. ಅಲ್ಲಿಯವರೆಗೆ ನಮಗೂ ಅವರಿಗೂ ಇದ್ದ ಸಂಬಂಧ ನಾವು ತಲೆಬಾಗಿ "ಚಳಿ ಅಲ್ಲವೇ" ಎನ್ನುವುದು, ಅವರು ತಲೆಬಾಗಿ "ಹೌದು, ಚಳಿ" ಎನ್ನುವುದು, ಅಷ್ಟೆ. ಈಗ ಅವರ ಮೂಲಂಗಿ, ಈರುಳ್ಳಿ, ಅದರ ಗೂಡು ಎಲ್ಲವನ್ನೂ ನಮ್ಮ ಕ್ಯಾಲೆಂಡರು ತುಳಿದುಹಾಕಿತ್ತು.

ಈ ದೇಶದಲ್ಲಿ ಕ್ಷಮೆ ಕೇಳಲು ಬರಿಗೈಯಲ್ಲಿ ಹೋಗುವಂತಿಲ್ಲ. ಅಂಗಡಿಗೆ ಹೋಗೋಣವೆಂದರೆ ರಸ್ತೆಯಲ್ಲೂ ಮರಗಳು ಬಿದ್ದಿದ್ದವು. ಮನೆಯಲ್ಲಿ ಹುಡುಕಿದಾಗ ಶುಭಾಗೆ ಮೂಲೆಮನೆಯವರು ಎರಡು ದಿನದ ಹಿಂದೆ ನಮ್ಮ ಬಾಗಿಲಿಗೆ ತೂಗುಹಾಕಿ ಹೋಗಿದ್ದ ಸೇಬಿನ ಚೀಲ ನೆನಪಾಯಿತು. ದೊಡ್ಡ ದೊಡ್ಡ ಕೆಂಪು ಸೇಬುಗಳು. ಅವನ್ನು ಒರೆಸಿ, ಒಂದು ಒಳ್ಳೆಯ ಡಬ್ಬಿಯಲ್ಲಿ ಜೋಡಿಸಿ, ಮೇಲೆ ಬಣ್ಣದ ಕಾಗದ ಸುತ್ತಿದಳು.

"ಬೇರೆಯವರು ಕೊಟ್ಟಿದ್ದನ್ನ ನಾವು ಕೊಡಬಹುದಾ?" ಎಂದೆ.

"ಅವರಿಗೇನು ಗೊತ್ತಾಗತ್ತೆ? ಸೇಬಿನ ಮೇಲೆ ಹೆಸರು ಬರೆದಿರತ್ತಾ?"

ಹನ್ನೊಂದು ವರ್ಷದ ಮಗಳು ಅನ್ವಿಯನ್ನೂ ಕರೆದುಕೊಂಡು ಹೊರಟೆವು. ಅವಳು ಯೋಕೋಹಾಮಾದಲ್ಲಿ ಹುಟ್ಟಿದವಳು. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ಜಪಾನಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುತ್ತಾಳೆ, ತೀರಾ ಅಗತ್ಯ ಬಿದ್ದಾಗ ಮಾತ್ರ ಕನ್ನಡ ಖರ್ಚು ಮಾಡುತ್ತಾಳೆ. ದಾರಿಯುದ್ದಕ್ಕೂ ನಾನು ಕ್ಷಮಾಪಣೆಯ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡೆ. ಬಾಗಿಲು ತೆರೆದ ತಕ್ಷಣ ಅದು ಎಲ್ಲಿ ಹೋಯಿತೋ, ಸೊಂಟದವರೆಗೆ ಬಗ್ಗಿ ಬೇರೊಂದನ್ನು ಹೇಳಿಬಿಟ್ಟೆ. ಅದರ ಅರ್ಥ ಏನಾಯಿತು ಎಂಬುದನ್ನು ಆಮೇಲೆ ಮಗಳು ನಗು ತಡೆದುಕೊಂಡು ವಿವರಿಸಿದಳು. "ನಮ್ಮ ಮರಗಳು ನಿಮ್ಮ ಜೊತೆ ಅಸಭ್ಯವಾಗಿ ನಡೆದುಕೊಂಡಿವೆ."

ಕುದೋ-ಸಾನ್ ಒಂದು ಕ್ಷಣ ನನ್ನನ್ನು ನೋಡಿದರು, ನನ್ನ ಹೆಗಲಾಚೆ ಬಿದ್ದಿದ್ದ ಮರಗಳನ್ನು ನೋಡಿದರು, ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗತೊಡಗಿದರು. "ಹೌದು, ತುಂಬ ವರ್ಷದಿಂದ ಅಸಭ್ಯವಾಗಿಯೇ ಇದ್ದವು" ಎಂದು ನಮ್ಮನ್ನು ಒಳಗೆ ಕರೆದರು.

ಚಹಾ ಬಂತು. ನಾನು ಡಬ್ಬಿಯನ್ನು ಎರಡೂ ಕೈಯಲ್ಲಿ ಮುಂದಿಟ್ಟೆ. ಅವರು ಕಾಗದ ಹರಿಯದಂತೆ ಬಿಚ್ಚಿ, ಒಂದು ಸೇಬನ್ನು ಎತ್ತಿ, ತಿರುಗಿಸಿ, ಅದಕ್ಕೆ ಅಂಟಿಸಿದ್ದ ಪುಟ್ಟ ಚಿನ್ನದ ಬಣ್ಣದ ಸ್ಟಿಕ್ಕರನ್ನು ಕನ್ನಡಕ ಏರಿಸಿ ಓದಿದರು.

"ಈ ಸೇಬಿನ ಪರಿಚಯ ನನಗಿದೆ" ಎಂದರು. "ಅಓಮೋರಿಯಲ್ಲಿರುವ ನನ್ನ ತಂಗಿಯ ತೋಟದ್ದು. ಕಳೆದ ವಾರ ನನಗೆ ಬಂತು. ನಾನು ಮೂಲೆಮನೆಗೆ ಕೊಟ್ಟೆ."

ನೀವೇ ಹೇಳಿ, ಅಂಥ ಹೊತ್ತಿನಲ್ಲಿ ಮನುಷ್ಯ ಏನು ಮಾಡಬೇಕು? ಶುಭಾ ಚಹಾದ ಬಟ್ಟಲಿನೊಳಗೆ ಇಳಿದುಹೋಗುವವಳಂತೆ ಬಗ್ಗಿದಳು. ನಾನು "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆಯನ್ನೇ ಜಪ ಮಾಡತೊಡಗಿದೆ. ಸೇಬಿನ ಮೇಲೆ ಹೆಸರು ಬರೆದೇ ಇತ್ತು! ಕುದೋ-ಸಾನ್ ಮಾತ್ರ ಕಣ್ಣೊರೆಸಿಕೊಂಡು ನಗುತ್ತಲೇ ಇದ್ದರು. ನಗು ನಿಂತ ಮೇಲೆ ತಮ್ಮ ಗುಟ್ಟನ್ನೂ ಬಿಚ್ಚಿದರು. ತಂಗಿ ಪ್ರತಿ ವರ್ಷ ಪೆಟ್ಟಿಗೆ ಕಳಿಸುತ್ತಾಳೆ, ಇವರು ಪ್ರತಿ ವರ್ಷ ಊರಿಗೆಲ್ಲ ಹಂಚುತ್ತಾರೆ. ಏಕೆಂದರೆ ಸೇಬು ಕಚ್ಚಿದರೆ ಅವರಿಗೆ ತುಟಿ, ನಾಲಿಗೆ, ಗಂಟಲು ಎಲ್ಲ ಕಡಿತ ಶುರುವಾಗುತ್ತದೆ. ವಸಂತದಲ್ಲಿ ಬರ್ಚ್ ಮರ ಹೂ ಬಿಟ್ಟಾಗ ಸೀನು, ಸೇಬು ತಿಂದಾಗ ಕಡಿತ, ಎರಡೂ ಒಂದೇ ಕಾಯಿಲೆ ಎಂದು ಡಾಕ್ಟರು ಯಾವತ್ತೋ ಹೇಳಿದ್ದರಂತೆ. ಅಂದಿನಿಂದ ಅವರು ಸೇಬು ಮುಟ್ಟಿಲ್ಲ. ಎಷ್ಟೋ ವರ್ಷವಾದರೂ ತಂಗಿಗೆ ಮಾತ್ರ ಇದನ್ನು ಹೇಳಿಲ್ಲ. ಅವಳ ತೋಟ, ಅವಳ ಬೆವರು, ಹೇಗೆ ಹೇಳುವುದು?

ಅಷ್ಟರಲ್ಲಿ ಅನ್ವಿ ಚಹಾ ಬಟ್ಟಲನ್ನು ಠಕ್ಕನೆ ಕೆಳಗಿಟ್ಟಳು. ಜಪಾನಿಯಲ್ಲಿ, "ನನಗೂ! ನನಗೂ ಹಾಗೇ ಆಗುತ್ತೆ!" ಎಂದಳು. ಆಮೇಲೆ ಅಮ್ಮನ ಕಡೆ ತಿರುಗಿ ಸ್ಪಷ್ಟ ಕನ್ನಡದಲ್ಲಿ, "ನಾನು ಹೇಳಿದ್ನಲ್ಲಾ ಅಮ್ಮಾ! ಬಾಯಿ ಕಡಿಯತ್ತೆ ಅಂತ ಹೇಳಿದ್ನಲ್ಲಾ!" ಎಂದಳು.

ಇಲ್ಲಿ ಒಂದು ವಿಷಯ ಹೇಳಬೇಕು. ಈ ಊರಿಗೆ ಬಂದು ಒಂದೂವರೆ ವರ್ಷ ಆದ ಮೇಲಿಂದ ನಮ್ಮ ಮನೆಯಲ್ಲಿ ಸೇಬಿನ ಯುದ್ಧ ನಡೆಯುತ್ತಿತ್ತು. ಶುಭಾ ಸ್ಕೂಲಿಲ್ಲದ ದಿನ ಸೇಬು ಹೆಚ್ಚಿ ತಟ್ಟೆಗಿಡುತ್ತಿದ್ದಳು. ಅನ್ವಿ ಒಂದು ಚೂರು ಕಚ್ಚಿ ಬಿಡುತ್ತಿದ್ದಳು. ಸೋಫಾದ ಹಿಂದೆ, ಹೂಕುಂಡದಲ್ಲಿ, ಒಮ್ಮೆ ನನ್ನ ಶೂ ಒಳಗೂ ಒಣಗಿದ ಸೇಬಿನ ಹೋಳು ಸಿಕ್ಕಿತ್ತು. "ಕೊಂಬಿನಿ ಚಿಪ್ಸ್ ತಿಂದ್ರೆ ಬಾಯಿ ಕಡಿಯಲ್ಲ, ಸೇಬು ತಿಂದ್ರೆ ಮಾತ್ರ ಕಡಿಯತ್ತಾ?" ಎಂದು ಶುಭಾ ಬೈಯುತ್ತಿದ್ದಳು. ನಾನೂ ಹೂಂಗುಟ್ಟುತ್ತಿದ್ದೆ. ಸುಳ್ಳು ಹೇಳುವ ಮಗುವಿಗೆ ಅಪ್ಪ ಅಮ್ಮ ಹೇಳುವ ಮಾತುಗಳನ್ನೆಲ್ಲ ಹೇಳಿದ್ದೆವು. ಆ ಮಗು ಸುಳ್ಳು ಹೇಳಿರಲೇ ಇಲ್ಲ.

ಶುಭಾಳ ಕಣ್ಣು ತುಂಬಿತು. ಅವಳ ಮುಖ ನೋಡಲಾಗದೆ ನಾನು ಕಿಟಕಿಯಾಚೆ ನೋಡಿದೆ. ಕುದೋ-ಸಾನ್ ಎದ್ದು ಹೋಗಿ ಡ್ರಾಯರಿನಿಂದ ಆಸ್ಪತ್ರೆಯ ಕಾರ್ಡು ತಂದು, "ಇವರು ಒಳ್ಳೆಯ ಡಾಕ್ಟರು. ನಾಳೆ ನಾನೂ ಬರುತ್ತೇನೆ" ಎಂದರು. ಅವರ ತರಕಾರಿ ಮನೆಯ ಮಾತೇ ಅಲ್ಲಿ ಮುಗಿದುಹೋಯಿತು. ನಾನು ಮತ್ತೆ ಎತ್ತಲು ಹೋದರೆ, "ಹಿಮಕ್ಕೆ ಯಾರು ಹೊಣೆ? ವಸಂತದಲ್ಲಿ ಕಟ್ಟಲು ಬನ್ನಿ, ಸಾಕು" ಎಂದರು.

ಮರುದಿನ ಡಾಕ್ಟರು ಅನ್ವಿಯ ಬಾಯಿ ನೋಡಿ, ರಕ್ತ ಪರೀಕ್ಷೆಗೆ ಕಳಿಸಿ, ವಾರದ ಬಳಿಕ ಕುದೋ-ಸಾನ್ ಅವರ ಮಾತು ನಿಜವೆಂದರು. ಬರ್ಚ್ ಮರದ ಪರಾಗ ಒಗ್ಗದವರ ದೇಹಕ್ಕೆ ಹಸಿ ಸೇಬನ್ನು ಕಂಡರೂ ಅದೇ ಪರಾಗವೆಂದು ಭ್ರಮೆಯಾಗುತ್ತದಂತೆ. "ನಮ್ಮ ಮನೆಯ ನಾಲ್ಕೂ ಬರ್ಚು ಬಿದ್ದವು, ಇನ್ನು ವಾಸಿಯಾಗುತ್ತದಾ?" ಎಂದು ಕೇಳಿದೆ. ಡಾಕ್ಟರು ಕಿಟಕಿಯ ಕಡೆ ಕೈ ತೋರಿಸಿದರು. ಎದುರಿನ ಬೆಟ್ಟದ ತುಂಬ ಬರ್ಚು. ಆದರೂ ಒಂದು ಒಳ್ಳೆಯ ಸುದ್ದಿ ಕೊಟ್ಟರು. ಚೆನ್ನಾಗಿ ಬೇಯಿಸಿದರೆ ಇವರಿಬ್ಬರಿಗೂ ಸೇಬು ತೊಂದರೆ ಮಾಡಲಾರದು, ಮೊದಲ ಸಲ ಸ್ವಲ್ಪವೇ ತಿಂದು ನೋಡಿ ಎಂದರು.

ವಾಪಸು ಬರುವಾಗ ಕಾರಿನಲ್ಲಿ ಶುಭಾ ಹಿಂದಕ್ಕೆ ತಿರುಗಿ, "ಸಾರಿ ಕಣೋ ಬಂಗಾರ" ಎಂದಳು. ಅನ್ವಿ ಆ ಕ್ಷಮೆಯನ್ನು ಬಹಳ ಗಾಂಭೀರ್ಯದಿಂದ ಸ್ವೀಕರಿಸಿ, ದಾರಿಯ ಕೊಂಬಿನಿಯಲ್ಲಿ ಪುಡಿಂಗ್ ಕೊಡಿಸಬೇಕೆಂದು ತೀರ್ಪು ಕೊಟ್ಟಳು. ಮಾರನೆಯ ದಿನ ಅದೇ ತೀರ್ಪನ್ನು ಮತ್ತೊಮ್ಮೆ ಕೊಟ್ಟಳು. ಆ ತಿಂಗಳು ಅಮ್ಮನ ಪಶ್ಚಾತ್ತಾಪದ ಮೇಲೆ ಅವಳು ಎಷ್ಟು ಪುಡಿಂಗ್ ತಿಂದಳೆಂಬುದಕ್ಕೆ ಲೆಕ್ಕವಿಲ್ಲ.

ಭಾನುವಾರ ಶುಭಾ, ಕುದೋ-ಸಾನ್ ನಮಗೇ ವಾಪಸು ಕೊಟ್ಟಿದ್ದ ಆ ಪ್ರಸಿದ್ಧ ಸೇಬುಗಳನ್ನೇ ಹೆಚ್ಚಿ ಗೊಜ್ಜು ಮಾಡಿದಳು. ಹುಣಸೆಹಣ್ಣು, ಸಾರಿನ ಪುಡಿ, ಬೆಲ್ಲದ ಬದಲು ಓಕಿನಾವಾದ ಕಪ್ಪು ಸಕ್ಕರೆ, ಮೇಲೆ ಸಾಸಿವೆ ಇಂಗಿನ ಒಗ್ಗರಣೆ. ಕುದೋ-ಸಾನ್ ನಮ್ಮ ಮನೆಗೆ ಮೊದಲ ಬಾರಿ ಊಟಕ್ಕೆ ಬಂದರು. ಚಮಚದ ತುದಿಯಲ್ಲಿ ಒಂದಿಷ್ಟು ತೆಗೆದು ನಾಲಿಗೆಗೆ ಮುಟ್ಟಿಸಿ ಕಾದರು. ಎದುರಿಗೆ ಅನ್ವಿಯೂ ಅಷ್ಟೇ ತೆಗೆದು ಕಾದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕೂತರು.

"ಕಡಿತ?" ಎಂದು ಅಜ್ಜಿ ಕೇಳಿದರು.

"ಇಲ್ಲ. ನಿಮಗೆ?"

"ಖಾರ. ಕಡಿತ ಇಲ್ಲ." ಅವರು ಇನ್ನೊಂದು ಚಮಚ ತೆಗೆದುಕೊಂಡರು. ಕಣ್ಣು ಮುಚ್ಚಿ ನಿಧಾನವಾಗಿ ಅಗಿದು, "ಸೇಬೇ ಇದು" ಎಂದರು. ಆಮೇಲೆ ಅನ್ನಕ್ಕೆ ಕಲಸಿಕೊಂಡು ಎರಡು ಬಟ್ಟಲು ಊಟ ಮಾಡಿದರು. ಅಂದು ಸಂಜೆ ಹೊತ್ತಿಗೆ ತಂಗಿಗೆ ಫೋನ್ ಮಾಡಿ, ನಿನ್ನ ಸೇಬು ಈ ವರ್ಷ ಬಹಳ ರುಚಿಯಾಗಿದೆ ಎಂದರಂತೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅದನ್ನು ಸುಳ್ಳಿಲ್ಲದೆ ಹೇಳಿದೆ ಎಂದು ನಮ್ಮ ಬಳಿ ಹೇಳಿಕೊಂಡು ಹಿಗ್ಗಿದರು.

ಬಿದ್ದ ಮರಗಳನ್ನು ಬುಡಸಮೇತ ಕೀಳಿಸಿದ ಮೇಲೆ ಇನ್ನು ಉಳಿದದ್ದು ನಾಲ್ಕು ಗುಂಡಿಗಳು. ಆ ಜಾಗದಲ್ಲಿ ಏನು ನೆಡುವುದು? ಚಳಿಗಾಲವಿಡೀ ಅದೇ ಚರ್ಚೆ. ಗ್ಯೋಟೋಕುವಿನ ಗೆಳೆಯರ ವಾಟ್ಸಪ್ ಗುಂಪಿನಲ್ಲಿ ಸಲಹೆ ಕೇಳಿದೆ. ಮಾವು ಎಂದರು, ನೇರಳೆ ಎಂದರು, ಮನೆ ಮುಂದೆ ಬೇವಿದ್ದರೆ ಆರೋಗ್ಯ ಎಂದರು. ಒಬ್ಬ ನುಗ್ಗೆ ನೆಡು, ಸಾಂಬಾರಿಗಾಗುತ್ತೆ ಎಂದ. ಹೊರಗೆ ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗೆ. ಮೂಗಿನೊಳಗಿನ ಕೂದಲು ಸೆಟೆದು ನಿಲ್ಲುವ ಚಳಿಯಲ್ಲಿ ನಾನು ನುಗ್ಗೆಕಾಯಿಯ ಕನಸು ಕಂಡೆ.

ಸಗಮಿಹಾರಾದಲ್ಲಿ ಉಪಗ್ರಹಗಳ ಕೆಲಸ ಮಾಡುವ ಗೆಳೆಯ ಮಾತ್ರ ಗಂಭೀರವಾಗಿ, "ಭಾವನೆಗೆ ಜಾಗ ಕೊಡಬೇಡ. ಡೇಟಾ ನೋಡು" ಎಂದ. ಆ ಮಾತು ನನ್ನೊಳಗಿನ ಇಂಜಿನಿಯರನಿಗೆ ನಾಟಿತು. ಎಕ್ಸೆಲ್ ತೆರೆದೆ. ಚಳಿ ತಡೆಯುವ ಶಕ್ತಿ, ಬೆಳೆಯುವ ವೇಗ, ಅಂದ, ಮಣ್ಣಿಗೆ ಹೊಂದಾಣಿಕೆ, ಸುಲಭವಾಗಿ ಸಿಗುತ್ತದೆಯೇ, ಹೀಗೆ ಕಾಲಂಗಳನ್ನು ಮಾಡಿ ಎರಡು ವಾರ ಕೂತು ಪ್ರತಿ ಮರಕ್ಕೂ ಅಂಕ ಕೊಟ್ಟೆ. ಮನೆಯವರನ್ನೆಲ್ಲ ಕರೆದು, ಕಾಫಿ ಕೊಟ್ಟು, ಫಲಿತಾಂಶದ ಗುಂಡಿ ಒತ್ತಿದೆ. ಮೊದಲ ಸ್ಥಾನ ಬರ್ಚ್. ಎಕ್ಸೆಲ್ಲಿನ ಪ್ರಕಾರ ನಾಲ್ಕೂ ಗುಂಡಿಗೆ ಬರ್ಚನ್ನೇ ನೆಡಬೇಕಿತ್ತು.

ಶುಭಾ ಕಾಫಿ ಲೋಟ ಕೆಳಗಿಟ್ಟಳು. "ಅದಕ್ಕೊಂದು ಹಾರ ಹಾಕಿ, ಪಕ್ಕಕ್ಕಿಡಿ" ಎಂದಳು.

ಮೇ ತಿಂಗಳಲ್ಲಿ ಹಿಮ ಕರಗಿ ನೆಲ ಕಂಡಾಗ ನಾವು ಮೂವರೂ ಕುದೋ-ಸಾನ್ ಅವರನ್ನು ಕರೆದುಕೊಂಡು ಪಕ್ಕದೂರಿನ ನರ್ಸರಿಗೆ ಹೋದೆವು. ಒಂದು ಮರವನ್ನು ಅವರೇ ಆರಿಸಬೇಕೆಂದು ಶುಭಾ ಪಟ್ಟು ಹಿಡಿದಿದ್ದಳು. ನಾಲ್ಕನೆಯ ಗುಂಡಿ ಇರುವುದು ಅವರ ಅಡಿಗೆಮನೆಯ ಕಿಟಕಿಗೆ ನೇರವಾಗಿ. ನಮಗಿಂತ ಹೆಚ್ಚಾಗಿ ಅದನ್ನು ನೋಡುವವರು ಅವರೇ.

ನರ್ಸರಿಯ ಯಜಮಾನ ಒರಟು ಕೈಗಳ, ಮಿತ ಮಾತಿನ ಮನುಷ್ಯ. ನಮ್ಮ ಕಥೆಯನ್ನೆಲ್ಲ ಕೇಳಿ, ಬಿದ್ದ ಮರದ ಬುಡದ ಫೋಟೋ ನೋಡಿ, "ಒಳಗೆ ಕೊಳೆತಿತ್ತು. ನಾಲ್ಕೂ ಒಂದೇ ಜಾತಿ, ಒಂದೇ ವಯಸ್ಸು. ಒಂದಕ್ಕೆ ಬಂದದ್ದು ಎಲ್ಲಕ್ಕೂ ಬರುತ್ತದೆ" ಎಂದ. ಆಮೇಲೆ ಒಂದೇ ಒಂದು ಷರತ್ತು ಹಾಕಿದ. "ಆರಿಸಿಕೊಳ್ಳಿ. ಆದರೆ ಎರಡು ಮರ ಒಂದೇ ಮನೆತನದವು ಆಗಬಾರದು." ನನಗೆ ತಿಪಟೂರಿನ ಮೂರನೇ ಕ್ಲಾಸಿನಲ್ಲಿ ನಾವೆಲ್ಲ ಬರೆದ ಒಂದೇ ತರದ ತೆಂಗಿನ ಮರಗಳು ನೆನಪಾದವು.

ಅನ್ವಿಗೆ ಆರಿಸುವ ಕಷ್ಟವೇ ಇರಲಿಲ್ಲ. ಬಾಗಿಲಲ್ಲೇ ಇದ್ದ ಚಿಶಿಮಾ ಚೆರಿಯ ಗಿಡವನ್ನು ತಬ್ಬಿಕೊಂಡಳು. ಉತ್ತರದ ದ್ವೀಪಗಳ ಚೆರಿಯಂತೆ, ಎತ್ತರ ಬೆಳೆಯದೆ ಅಗಲಕ್ಕೆ ಹರಡುವ ಜಾತಿ. ಅವಳ ಮಂಡಿಗಿಂತ ಸ್ವಲ್ಪ ಮೇಲಿತ್ತು. "ಇನ್ನೂ ದೊಡ್ಡದಿದೆ, ನೋಡು" ಎಂದರೆ, "ನನಗಿಂತ ಚಿಕ್ಕದಾಗಿರೋದು ಇದೊಂದೇ" ಎಂದಳು. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವಳಾಗಿ ಅವಳಿಗೆ ಸಾಕಾಗಿತ್ತೆಂದು ಕಾಣುತ್ತದೆ.

ಶುಭಾ ಅರ್ಧ ಗಂಟೆ ಸುತ್ತಿದಳು. ಯಾವ ಗಿಡ ತೋರಿಸಿದರೂ ಅವಳದು ಒಂದೇ ಪ್ರಶ್ನೆ. "ಇದು ಅಡಿಗೆಗೆ ಬರತ್ತಾ?" ಕೊನೆಗೆ ಯಜಮಾನ ಒಂದು ಸಾದಾ ಗಿಡದ ಹತ್ತಿರ ನಿಂತು, ಕತ್ತರಿಸಿಟ್ಟಿದ್ದ ಕೊಂಬೆಯೊಂದರ ತೊಗಟೆಯನ್ನು ಉಗುರಿನಿಂದ ಕೆರೆದು ತೋರಿಸಿದ. ಒಳಗೆ ಹಳದಿ! ಸುಮ್ಮನೆ ಹಳದಿಯಲ್ಲ, ಹಬ್ಬದ ದಿನ ಹೊಸಿಲಿಗೆ ಬಳಿಯುವ ಅರಿಶಿನದ ಹಳದಿ. ಶುಭಾ ಬೆರಳಿನಿಂದ ಮುಟ್ಟಿ, ಮೂಸಿ, ಎಲೆಯನ್ನು ಹಿಸುಕಿ ಮತ್ತೆ ಮೂಸಿದಳು. ಅವಳ ಮುಖ ಅರಳಿತು. "ರೀ, ಒಂಚೂರು ನಿಂಬೆ ಎಲೆ ತರ, ಒಂಚೂರು ಕರಿಬೇವಿನ ತರ!" ಅದರ ಹೆಸರು ಕಿಹಾದಾ. ನಿಂಬೆ, ಕರಿಬೇವುಗಳ ದೂರದ ನೆಂಟನೇ ಎಂದು ಆಮೇಲೆ ಓದಿ ತಿಳಿದೆ. ತೊಗಟೆ ಹೊಟ್ಟೆನೋವಿನ ಔಷಧಿಗೆ, ಕಾಯಿ ಮಸಾಲೆಗೆ ಬರುತ್ತದೆಂದು ಕುದೋ-ಸಾನ್ ಹೇಳಿದರು. ಕಿಟಕಿಯೊಳಗಿನ ಕುಂಡದಲ್ಲಿ ಮೂರು ಕರಿಬೇವಿನ ಗಿಡಗಳನ್ನು ಚಳಿಗೆ ಕಳೆದುಕೊಂಡಿದ್ದ ನನ್ನ ಹೆಂಡತಿ ಆ ಗಿಡವನ್ನು ಬೇರೆ ಯಾರಿಗೂ ಎತ್ತಲು ಬಿಡಲಿಲ್ಲ.

ನನ್ನ ಸರದಿ ಬಂತು. ನನಗೆ ಬೇಕಿದ್ದದ್ದು ಸಂಪಿಗೆ. ಜಪಾನಿಯಲ್ಲಿ ಅದಕ್ಕೇನೆನ್ನುತ್ತಾರೆಂದು ತಿಳಿಯದೆ, "ಹೂವಿಗೆ ತುಂಬ ವಾಸನೆ. ಹೆಂಗಸರು ತಲೆಗೆ ಇಟ್ಟುಕೊಳ್ಳುತ್ತಾರೆ. ಹಾವು ಬರುತ್ತದೆ ಎನ್ನುತ್ತಾರೆ" ಎಂದು ವರ್ಣಿಸಿದೆ. ಹಾವಿನ ಮಾತು ಕೇಳಿ ಯಜಮಾನ ಎರಡು ಹೆಜ್ಜೆ ಹಿಂದೆ ಸರಿದ. ಫೋನಿನಲ್ಲಿ ಚಿತ್ರ ತೋರಿಸಿದ ಮೇಲೆ ತಲೆಯಾಡಿಸಿ, ಕೋಬುಶಿ ಎಂಬ ಗಿಡದ ಮುಂದೆ ನಿಲ್ಲಿಸಿದ. ಬಿಳಿ ಹೂವಿನದು, ಆದರೆ ಸಂಪಿಗೆಯ ಬಳಗವೇ. ಎಲೆ ಮೂಡುವ ಮೊದಲೇ ಹೂ ಬಿಡುತ್ತದೆ, ಅದು ಬಿಟ್ಟಾಗ ಇಲ್ಲಿಯ ರೈತರು ಉಳುಮೆಗೆ ಇಳಿಯುತ್ತಾರೆ ಎಂದ. ಹಾವು ಬರುತ್ತದೆಯೇ ಎಂದು ಶುಭಾ ಕೇಳಿದಳು. ಈ ಚಳಿಗೆ ಹಾವಿಗೂ ಹೊರಗೆ ಬರಲು ಮನಸ್ಸಾಗುವುದಿಲ್ಲ ಎಂದ.

ಕುದೋ-ಸಾನ್ ಕೈ ಕಟ್ಟಿಕೊಂಡು ಎಲ್ಲ ಸಾಲುಗಳನ್ನೂ ನೋಡಿ ಬಂದಿದ್ದರು. "ನನಗೆ ಕತ್ಸುರಾ ಕೊಡಿ" ಎಂದರು. "ಇರುವುದರಲ್ಲೇ ಎತ್ತರದ್ದು. ನನಗೆ ಕಾಯುವ ತಾಳ್ಮೆ ಇಲ್ಲ." ಕತ್ಸುರಾದ ಎಲೆ ಪುಟ್ಟ ಹೃದಯದ ಆಕಾರದ್ದು. ಶರತ್ಕಾಲದಲ್ಲಿ ಹಳದಿಯಾಗಿ ಉದುರಿದಾಗ ಸಕ್ಕರೆ ಕಾಯಿಸಿದ ವಾಸನೆ ಬರುತ್ತದಂತೆ. ಬೆಲ್ಲದ ಪಾಕದ ವಾಸನೆ ಎಂದು ನಾನು ಕನ್ನಡದಲ್ಲಿ ಮಗಳಿಗೆ ಹೇಳಿದೆ. "ತಿಪಟೂರಿನ ಅಜ್ಜಿ ಕೊಬ್ಬರಿಮಿಠಾಯಿ ಮಾಡುವಾಗ ಬರುವ ವಾಸನೆಯಾ?" ಎಂದು ಅವಳು ಜಪಾನಿಯಲ್ಲಿ ಕೇಳಿದಳು. ತಿಪಟೂರಿಗೆ ಹೋಗುವುದು ಎರಡು ವರ್ಷಕ್ಕೊಮ್ಮೆ, ಆದರೂ ಮೂಗು ಮರೆತಿರಲಿಲ್ಲ.

ನೆಡುವ ದಿನ ಒಂದು ಜಗಳ ಆಯಿತು. ನನ್ನ ಕೋಬುಶಿ ವರಾಂಡದಿಂದ ಕಾಣುವಂತೆ ಮನೆಯ ಗೋಡೆಗೆ ಹತ್ತಿರ ಇರಲೆಂದು ನಾನು ಬೇರೆಯೇ ಗುಂಡಿ ತೋಡಿದೆ. ಕುದೋ-ಸಾನ್ ಛಾವಣಿಯನ್ನೂ ಗುಂಡಿಯನ್ನೂ ನೋಡಿ, "ಅಲ್ಲಿ ಬೇಡ, ಪ್ರಕಾಶ್-ಸಾನ್. ಛಾವಣಿಯ ಹಿಮ ಜಾರಿ ಅಲ್ಲೇ ಬೀಳುತ್ತದೆ" ಎಂದರು. ಹಿಮದ ಮೇಲೆ ಏನು ಎಷ್ಟು ದೂರ ಜಾರುತ್ತದೆ ಎಂದು ಲೆಕ್ಕ ಹಾಕುವುದೇ ನನ್ನ ಉದ್ಯೋಗ. ಗೋಡೆಯ ಬದಿಯಲ್ಲಿ ನಿಂತು ಕೋನ, ದೂರ ಎಲ್ಲ ವಿವರಿಸಿ, "ಗಿಡದಾಚೆಗೆ ಬೀಳುತ್ತದೆ" ಎಂದು ಸಾಧಿಸಿಬಿಟ್ಟೆ. ಅವರು ವಾದ ಮಾಡಲಿಲ್ಲ. ಇಲ್ಲಿಯ ಹಿರಿಯರು ವಾದ ಮಾಡುವುದಿಲ್ಲ, ಚಳಿಗಾಲ ಬರಲೆಂದು ಕಾಯುತ್ತಾರೆ.

ಚಳಿಗಾಲ ಬಂತು. ನವೆಂಬರಿನಲ್ಲಿ ಗಿಡಗಳಿಗೆ ಹಲಗೆ, ಚಾಪೆ ಕಟ್ಟಿ ಹೊದಿಸಿದೆವು. ಜನವರಿಯಲ್ಲಿ ಕುದೋ-ಸಾನ್ ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದು, "ಎಲ್ಲರೂ ಬೂಟು ಹಾಕಿಕೊಂಡು ಬನ್ನಿ, ಇಲಿ ಬರುತ್ತಿವೆ" ಎಂದರು. ಹಿಮದಡಿಯಲ್ಲಿ ಇಲಿಗಳು ಬಿಲ ಕೊರೆದು ಬಂದು ಎಳೆ ಗಿಡದ ತೊಗಟೆಯನ್ನು ಸುತ್ತಲೂ ತಿಂದುಬಿಡುತ್ತವಂತೆ. ಬುಡದ ಹಿಮವನ್ನು ಗಟ್ಟಿಯಾಗಿ ತುಳಿದರೆ ಬಿಲ ಕೊರೆಯಲಾಗುವುದಿಲ್ಲ. ಹೀಗಾಗಿ ನಾವು ನಾಲ್ವರು ಒಬ್ಬರ ಹೆಗಲು ಒಬ್ಬರು ಹಿಡಿದು ಒಂದೊಂದು ಗಿಡಕ್ಕೂ ಸುತ್ತು ಹಾಕತೊಡಗಿದೆವು. ಎಡಗಾಲು, ಬಲಗಾಲು, ಧಪ್, ಧಪ್. ಶುಭಾ ಹುತ್ತಕ್ಕೆ ಪ್ರದಕ್ಷಿಣೆ ಹಾಕುವವಳಂತೆ ಶ್ರದ್ಧೆಯಿಂದ ತುಳಿದಳು. ಅನ್ವಿ ಸ್ಕೂಲಿನಲ್ಲಿ ಕಲಿತ ಬೊನ್ ಹಬ್ಬದ ಕುಣಿತದ ಹೆಜ್ಜೆ ಹಾಕಿದಳು. ಕುದೋ-ಸಾನ್ ಅದಕ್ಕೆ ಸರಿಯಾಗಿ ಹಾಡತೊಡಗಿದರು. ರಸ್ತೆಯಲ್ಲಿ ಹಿಮ ತೆಗೆಯುವ ಯಂತ್ರದವನು ಗಾಡಿ ನಿಲ್ಲಿಸಿ ನೋಡಿ, ಹಾರನ್ ಬಾರಿಸಿ ಚಪ್ಪಾಳೆ ತಟ್ಟಿ ಹೋದ. ಆ ಚಳಿಯಲ್ಲಿ ನಾನು ಅಷ್ಟು ಬೆವರಿದ್ದು ಅದೇ ಮೊದಲು.

ಫೆಬ್ರವರಿಯ ಒಂದು ಮಧ್ಯಾಹ್ನ ಬಿಸಿಲು ಬಂತು. ಛಾವಣಿಯ ಮೇಲಿನ ಹಿಮ ಗುಡುಗಿದಂತೆ ಸದ್ದು ಮಾಡಿ ಜಾರಿತು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಅದು ಗಿಡದಾಚೆಗೆ ಬೀಳಲಿಲ್ಲ. ಗಿಡದ ಮೇಲೆಯೇ, ಗುರಿಯಿಟ್ಟು ಹೊಡೆದಂತೆ ಬಿತ್ತು. ಸಲಿಕೆ ಹಿಡಿದು ಓಡಿದೆ. ಕುದೋ-ಸಾನ್ ಆಗಲೇ ತಮ್ಮ ಸಲಿಕೆಯೊಂದಿಗೆ ಬಂದು ತೋಡುತ್ತಿದ್ದರು. "ನಾನು ಹೇಳಿದ್ದೆ" ಎಂಬ ಮಾತನ್ನು ಅವರು ಅಂದೂ ಹೇಳಲಿಲ್ಲ, ಇಂದಿಗೂ ಹೇಳಿಲ್ಲ. ಅಗೆದು ತೆಗೆದಾಗ ಕೋಬುಶಿಯ ತಲೆ ಮುರಿದಿತ್ತು, ಬುಡ ಗಟ್ಟಿಯಾಗಿತ್ತು. ಹಿಮ ಕರಗಿದ ಮೇಲೆ ಅದನ್ನು ಕಿತ್ತು, ಮೊದಲೇ ನೆಡಬೇಕಿದ್ದ ಗುಂಡಿಗೆ ಸಾಗಿಸಿದೆ. ಈಗ ಅದು ಒಂದು ಕಡೆಗೆ ತುಸು ವಾಲಿಕೊಂಡು, ಆಫೀಸಿನಿಂದ ಬರುವ ನನ್ನನ್ನು ಓರೆಗಣ್ಣಿನಿಂದ ನೋಡುತ್ತ ನಿಂತಿದೆ. ಕತ್ಸುರಾ ಕೆಂಪು ಚಿಗುರು ಬಿಟ್ಟಿತು. ಎಲ್ಲಕ್ಕಿಂತ ತಡವಾಗಿ ಕಿಹಾದಾ ಕೂಡ ಕಣ್ಣು ಬಿಟ್ಟಿತು. ಅಷ್ಟರವರೆಗೆ ಶುಭಾ ದಿನಾ ಬೆಳಿಗ್ಗೆ ಹೋಗಿ ಅದರ ಹತ್ತಿರ ಏನೋ ಮಾತಾಡಿ ಬರುತ್ತಿದ್ದಳು. ಏನು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮೇ ಮೊದಲ ವಾರ ಸ್ಕೂಲಿಗೆ ಹೊರಟಿದ್ದ ಅನ್ವಿ ಬ್ಯಾಗು ಎಸೆದು ಒಳಗೆ ಓಡಿಬಂದಳು. "ಸೈತಾ! ಅಮ್ಮಾ, ಅಪ್ಪಾ, ಸೈತಾ! ಹೂ ಬಿಟ್ಟಿದೆ!" ಅವಳ ಚೆರಿ ಗಿಡದಲ್ಲಿ ಏಳು ಹೂ. ತೆಳು ಗುಲಾಬಿ, ಒಂದೊಂದೂ ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಚೆರಿ ಹೂ ಬಿಟ್ಟರೆ ಈ ದೇಶದಲ್ಲಿ ಜನ ಮರದ ಕೆಳಗೆ ಹಾಸಿಕೊಂಡು ಕೂತು ಊಟ ಮಾಡಲೇಬೇಕು. ಹನಾಮಿ ಆಗಲೇಬೇಕೆಂದು ಅನ್ವಿ ಹಟ ಹಿಡಿದಳು. ಮರದ ಕೆಳಗೆ ಕೂರುವುದು ಹೇಗೆ? ಅದು ಅವಳ ಸೊಂಟಕ್ಕೂ ಬರುತ್ತಿರಲಿಲ್ಲ.

ಭಾನುವಾರ ಆ ಗಿಡದ ಸುತ್ತ ನೀಲಿ ಪ್ಲಾಸ್ಟಿಕ್ ಹಾಳೆ ಹಾಸಿ ಕೂತೆವು. ಕೂತಾಗ ನಾವೆಲ್ಲರೂ ಮರಕ್ಕಿಂತ ಎತ್ತರ. ನಡುವೆ ಚಿತ್ರಾನ್ನ, ಕುದೋ-ಸಾನ್ ತಂದ ಅನ್ನದ ಉಂಡೆಗಳು, ಹಿಂದಿನ ವಸಂತದಲ್ಲಿ ನಾವೂ ಸೇರಿ ಕಟ್ಟಿದ ಅವರ ತರಕಾರಿ ಮನೆಯ ಆ ವರ್ಷದ ಮೊದಲ ಮೂಲಂಗಿಯ ಕೋಸಂಬರಿ. ಎಲ್ಲರೂ ತಲೆ ಎತ್ತಿ ನೋಡಬೇಕಾದ ಹೂವನ್ನು ನಾವು ಬಗ್ಗಿ ಬಗ್ಗಿ ನೋಡಿದೆವು. ಮೂಲೆಮನೆಯವರು ವಾಕಿಂಗ್ ಬಂದವರು ಬೇಲಿಯಾಚೆ ನಿಂತು, ಏನು ಮಾಡುತ್ತಿದ್ದೀರೆಂದು ಕೇಳಿದರು. "ಹನಾಮಿ" ಎಂದು ಕುದೋ-ಸಾನ್ ಬಹಳ ಗತ್ತಿನಿಂದ ಹೇಳಿದರು. ಅವರು ಹೂವನ್ನು ಹುಡುಕಿ, ಕಂಡು, ಶೂ ಬಿಚ್ಚಿ ತಾವೂ ಬಂದು ಕೂತರು. ಚಿತ್ರಾನ್ನದ ಹಳದಿ ಬಣ್ಣ ಶುಭಾಳ ಮರದಿಂದ ಬಂತೇ ಎಂದು ಕೇಳಿದರು. ಶುಭಾ ಇಲ್ಲ ಎನ್ನಲು ಮನಸ್ಸಿಲ್ಲದೆ ಸುಮ್ಮನೆ ನಕ್ಕಳು.

ಆಗ ಬೆಟ್ಟದ ಕಡೆಯಿಂದ ಸಣ್ಣ ಗಾಳಿ ಬಂತು. ಒಂದೇ ಒಂದು ಎಸಳು ಬಿಡಿಸಿಕೊಂಡು, ಎಲ್ಲಿ ಇಳಿಯಲೆಂದು ಯೋಚಿಸುವಂತೆ ತೇಲಿ ಕುದೋ-ಸಾನ್ ಅವರ ತಟ್ಟೆಯ ಅಂಚಿನಲ್ಲಿ ಕೂತಿತು. ಎಲ್ಲರೂ ಒಟ್ಟಿಗೆ "ಆಹಾ" ಎಂದೆವು. ಅನ್ವಿ ಮಾತ್ರ ಎದ್ದು, ಕೋಟು ಬಿಚ್ಚಿ ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ತನ್ನ ಮರಕ್ಕೂ ಗಾಳಿಗೂ ನಡುವೆ ನಿಂತಳು. ಊಟ ಮುಗಿಯುವವರೆಗೂ ಅಲ್ಲಿಂದ ಕದಲಲಿಲ್ಲ. ಶುಭಾ ಅವಳ ಬಾಯಿಗೆ ತುತ್ತು ಕೊಡುತ್ತ ಕೂತಳು.